ಸಾಲಿನಲ್ಲಿ ನಿಂತು ಬರಬಾರದಾ ಅಂತ ಕೇಳಿದ್ದೀರಿ

ಪ್ರಶ್ನೆ: ನಾನು ನ್ಯೂಜೆರ್ಸಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಎಚ್-1ಬಿ ವೀಸಾದಲ್ಲಿ ಬಂದು 13 ವರ್ಷ ಆಯಿತು. ಗ್ರೀನ್ ಕಾರ್ಡ್ ಇನ್ನೂ ಕೈಗೆ ಬಂದಿಲ್ಲ. ನಿಯಮ ಪಾಲಿಸಿ ಕಾಯುತ್ತಿರುವ ನಮ್ಮಂಥವರು ಒಂದು ಕಡೆ, ಗಡಿ ದಾಟಿ ಬಂದು ಆರಾಮಾಗಿ ಕೆಲಸ ಮಾಡಿಕೊಂಡಿರುವವರು ಇನ್ನೊಂದು ಕಡೆ. ಅವರು ಯಾಕೆ ಸಾಲಿನಲ್ಲಿ ನಿಂತು ಬರುವುದಿಲ್ಲ? ಅವರಿಗೆ ಕೆಲಸ ಕೊಡುವ ಮಾಲೀಕರನ್ನು ಜೈಲಿಗೆ ಹಾಕಿದರೆ ಎಲ್ಲ ಸರಿ ಹೋಗುತ್ತದೆ ಅಲ್ವಾ? ಇದನ್ನು ಕೇಳುವಾಗ ಒಂದು ಮುಜುಗರವೂ ಇದೆ. ನನ್ನ ಭಾವ ಇಲ್ಲೇ ಒಂದು ರೆಸ್ಟೋರೆಂಟ್ ನಡೆಸುತ್ತಾರೆ. ಅಲ್ಲಿ ಪಾತ್ರೆ ತೊಳೆಯುವ ಒಬ್ಬರ ಹೆಸರಿಗೂ ಸೋಶಿಯಲ್ ಸೆಕ್ಯೂರಿಟಿ ನಂಬರಿಗೂ (ಸಂಬಳ, ತೆರಿಗೆಯ ಲೆಕ್ಕಕ್ಕೆ ಸರ್ಕಾರ ಕೊಡುವ ನಂಬರ್) ತಾಳೆಯಾಗುತ್ತಿಲ್ಲ ಎಂದು ಅಕೌಂಟೆಂಟ್ ಹೇಳಿದ್ದಾರೆ. ಭಾವ ಈಗ ಏನು ಮಾಡಬೇಕು?

ಉತ್ತರ: ಮೊದಲು ನಿಮ್ಮ ಸಿಟ್ಟಿನ ವಿಷಯ. ಅದು ನ್ಯಾಯವಾದದ್ದೇ. 13 ವರ್ಷ ವೀಸಾ ಕಾಗದಕ್ಕೆ ಕಟ್ಟುಬಿದ್ದು ಬದುಕುವುದು ಸಣ್ಣ ಮಾತಲ್ಲ. ಆದರೆ ನಿಮ್ಮ ಸಾಲು ಇಷ್ಟು ಉದ್ದ ಆಗಿರುವುದಕ್ಕೆ ಕಾರಣ ಬೇರೆ ಇದೆ. ಕೆಲಸದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000 ಮಾತ್ರ. ಹೆಂಡತಿ, ಮಕ್ಕಳೂ ಆ ಲೆಕ್ಕದಲ್ಲೇ ಬರುತ್ತಾರೆ. ಅದರ ಮೇಲೆ, ಯಾವುದೇ ಒಂದು ದೇಶದವರಿಗೆ ಶೇ. 7ಕ್ಕಿಂತ ಜಾಸ್ತಿ ಕೊಡುವಂತಿಲ್ಲ ಎಂಬ ನಿಯಮ. ಭಾರತದಿಂದ ಅರ್ಜಿ ಹಾಕುವವರು ಲಕ್ಷಗಟ್ಟಲೆ, ಹಾಗಾಗಿ ನೀವು ಕಾಯುತ್ತಿದ್ದೀರಿ. ನಿಮ್ಮ ಭಾವನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಆ ಮನುಷ್ಯ ನಿಮ್ಮ ಮುಂದೆ ನುಗ್ಗಿ ನಿಂತಿಲ್ಲ. ಅವರು ನಿಲ್ಲುವುದಕ್ಕೆ ಸಾಲೇ ಇಲ್ಲ.

ಇದು ಸುಮ್ನೆ ಹೇಳಿದ ಮಾತಲ್ಲ, ಲೆಕ್ಕ ಹಾಕಿ ನೋಡೋಣ. ಮೆಕ್ಸಿಕೊದ ಪುಯೆಬ್ಲಾ ರಾಜ್ಯದ 24 ವರ್ಷದ ಒಬ್ಬ ಹುಡುಗ ಎಂದುಕೊಳ್ಳಿ. ಓದಿರುವುದು ಹೈಸ್ಕೂಲ್‌ವರೆಗೆ. ಕೆಲಸ ಮಾಡುವ ಶಕ್ತಿ ಇದೆ. ಕಾನೂನಿನ ದಾರಿಯಲ್ಲೇ ಅಮೆರಿಕಕ್ಕೆ ಬರಬೇಕು ಎಂಬ ಆಸೆಯೂ ಇದೆ. ಅವನ ಮುಂದೆ ಯಾವ ಬಾಗಿಲುಗಳಿವೆ?

ಅಣ್ಣನೋ ಅಕ್ಕನೋ ಅಮೆರಿಕದ ಪ್ರಜೆಯಾಗಿದ್ದರೆ ಅರ್ಜಿ ಹಾಕಿಸಬಹುದು. ಮೆಕ್ಸಿಕೊದವರಿಗೆ ಆ ಸಾಲಿನಲ್ಲಿ 20 ವರ್ಷಕ್ಕೂ ಜಾಸ್ತಿ ಕಾಯಬೇಕು. ಹತ್ತಿರದ ಸಂಬಂಧಿಕರು ಯಾರೂ ಇಲ್ಲದಿದ್ದರೆ ಆ ಬಾಗಿಲೂ ಇಲ್ಲ. ವೀಸಾ ಲಾಟರಿ ಅಂತ ಒಂದಿದೆ. ಈಗಾಗಲೇ ಜಾಸ್ತಿ ಜನ ಬಂದಿರುವ ದೇಶಗಳನ್ನು ಅದರಿಂದ ಹೊರಗಿಟ್ಟಿದ್ದಾರೆ. ಮೆಕ್ಸಿಕೊ, ಭಾರತ ಎರಡೂ ಹೊರಗಿವೆ. ಕೆಲಸದ ಆಧಾರದಲ್ಲಿ ನೋಡಿದರೆ, ಎರಡು ವರ್ಷಕ್ಕಿಂತ ಕಡಿಮೆ ತರಬೇತಿ ಸಾಕಾಗುವ ಎಲ್ಲ ಕೆಲಸಗಳಿಗೂ ಸೇರಿಸಿ, ಇಡೀ ಜಗತ್ತಿಗೆ, ವರ್ಷಕ್ಕೆ ಗರಿಷ್ಠ 10,000 ಗ್ರೀನ್ ಕಾರ್ಡ್. 1997ರ ಇನ್ನೊಂದು ಕಾನೂನಿನಿಂದ ಅದರಲ್ಲೂ ಬಹಳ ವರ್ಷ 5,000ದವರೆಗೆ ಕಡಿತ ಆಗುತ್ತಿತ್ತು. ಅಮೆರಿಕದಲ್ಲಿ ಎಷ್ಟು ಹೋಟೆಲ್, ಎಷ್ಟು ಕಟ್ಟಡ ಕೆಲಸ, ಎಷ್ಟು ಕೋಳಿ ಕಾರ್ಖಾನೆ ಇವೆ ಎಂದು ಒಮ್ಮೆ ಯೋಚಿಸಿ, ಆಮೇಲೆ ಆ 10,000 ಅನ್ನೋ ಸಂಖ್ಯೆ ನೋಡಿ.

ತಾತ್ಕಾಲಿಕ ವೀಸಾಗಳೂ ಇವೆ. ಹೊಲದ ಕೆಲಸಕ್ಕೆ ಎಚ್-2ಎ. ಅದಕ್ಕೆ ಸಂಖ್ಯೆಯ ಮಿತಿ ಇಲ್ಲ, ಆದರೆ ಅದು ಹಂಗಾಮಿನ ಕೆಲಸಕ್ಕೆ ಮಾತ್ರ. ಹಸುಗಳು ಹಂಗಾಮು ನೋಡಿ ಹಾಲು ಕೊಡುವುದಿಲ್ಲವಲ್ಲ, ವರ್ಷಪೂರ್ತಿ ಕರೆಯಬೇಕು. ಹಾಗಾಗಿ ಹೈನುಗಾರರಿಗೆ ಆ ವೀಸಾ ದಕ್ಕುವುದೇ ಕಷ್ಟ. ಹೊಲದಾಚೆಯ ಹಂಗಾಮಿನ ಕೆಲಸಗಳಿಗೆ ಎಚ್-2ಬಿ, ಅದರ ಮಿತಿ ವರ್ಷಕ್ಕೆ 66,000. ಪಾತ್ರೆ ತೊಳೆಯುವುದು ವರ್ಷವಿಡೀ ಇರುವ ಕೆಲಸ. ಅದಕ್ಕೆ ಎರಡೂ ಸಲ್ಲುವುದಿಲ್ಲ.

ಹಾಗಂತ ಬಾಗಿಲು ಮೊದಲಿಂದಲೂ ಮುಚ್ಚಿತ್ತಾ? ಇಲ್ಲ. 1942ರಲ್ಲಿ, ಯುದ್ಧದ ಕಾಲದಲ್ಲಿ, ಕೈಗಳು ಸಾಲದೆ ಅಮೆರಿಕವೇ ಮೆಕ್ಸಿಕೊದ ಜೊತೆ ಒಪ್ಪಂದ ಮಾಡಿಕೊಂಡು ಕೂಲಿಗಳನ್ನು ಕರೆಸಿತು. ಬ್ರಾಸೆರೊ ಯೋಜನೆ ಎಂದು ಅದರ ಹೆಸರು. 1964ರವರೆಗೆ ಸುಮಾರು 46 ಲಕ್ಷ ಗುತ್ತಿಗೆಗಳಾದವು. 1950ರ ದಶಕದ ನಡುವಿನಲ್ಲಿ ವರ್ಷಕ್ಕೆ 4 ಲಕ್ಷಕ್ಕೂ ಹೆಚ್ಚು ಜನ ಕಾಗದ ಹಿಡಿದೇ ಬಂದು ಹೋಗುತ್ತಿದ್ದರು. ಅದರಲ್ಲಿ ಶೋಷಣೆ ಬೇಕಾದಷ್ಟಿತ್ತು. ಆ ಕಾರಣಕ್ಕೇ ಕಾರ್ಮಿಕ ಸಂಘಗಳು, ಚರ್ಚುಗಳು ಅದನ್ನು ನಿಲ್ಲಿಸಲು ಹೋರಾಡಿದವು. ನಿಂತಿತು. ಮರುವರ್ಷವೇ, 1965ರಲ್ಲಿ, ಹೊಸ ವಲಸೆ ಕಾನೂನು ಬಂತು. ನಮ್ಮಂಥ ಏಷ್ಯಾದವರಿಗೆ ಬಾಗಿಲು ತೆರೆದದ್ದು ಇದೇ ಕಾನೂನು. ಆದರೆ ಅದೇ ಕಾನೂನು ಅಮೆರಿಕ ಖಂಡಗಳ ದೇಶಗಳಿಗೆ ಮೊದಲ ಬಾರಿಗೆ ಮಿತಿ ಹಾಕಿತು: 1968ರಿಂದ ಎಲ್ಲ ದೇಶಗಳಿಗೂ ಸೇರಿ ವರ್ಷಕ್ಕೆ 1,20,000. 1976ರಲ್ಲಿ ಒಂದು ದೇಶಕ್ಕೆ 20,000 ಎಂಬ ಇನ್ನೊಂದು ಮಿತಿ.

ಹೊಲ ಅದೇ. ಬೆಳೆ ಅದೇ. ಕರೆಯುವ ರೈತ ಅದೇ. ಬರುವ ಕೂಲಿಯೂ ಅದೇ ಊರಿನವನು. ಕಾಗದ ಮಾತ್ರ ಹೋಯಿತು. ನಿನ್ನೆ ಬ್ರಾಸೆರೊ ಆಗಿದ್ದವನು ಇವತ್ತು ಅಕ್ರಮ ವಲಸಿಗನಾದ.

ಈಗ ನಿಮ್ಮ ಮೊದಲ ಪ್ರಶ್ನೆಗೆ, ಯಾಕೆ ಬರುತ್ತಾರೆ ಅನ್ನೋದಕ್ಕೆ ಬರುತ್ತೇನೆ. ಬಡತನ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಸುಲಭ. ಆದರೆ ಕಡುಬಡವರು ಬರುವುದು ಕಡಿಮೆ. ಗಡಿ ದಾಟಿಸುವ ದಲ್ಲಾಳಿಗೆ ಕೊಡಲು ಸಾವಿರಾರು ಡಾಲರ್ ಬೇಕು. ಸಾಲ ಹುಟ್ಟಬೇಕು, ಒತ್ತೆ ಇಡಲು ಅಂಗೈಯಗಲ ಜಮೀನಾದರೂ ಇರಬೇಕು, ಅಲ್ಲಿ ಇಳಿದಾಗ ಕರೆದುಕೊಂಡು ಹೋಗುವ ಒಬ್ಬ ಸೋದರಮಾವ ಇರಬೇಕು. ಪುಯೆಬ್ಲಾದ ಊರುಗಳಿಂದ ನ್ಯೂಯಾರ್ಕಿಗೆ ಎಷ್ಟು ಜನ ಬಂದಿದ್ದಾರೆಂದರೆ, ಆ ನಗರವನ್ನು ಅವರೇ ತಮಾಷೆಗೆ ‘ಪುಯೆಬ್ಲಾ ಯಾರ್ಕ್’ ಎನ್ನುತ್ತಾರೆ. ಹೊರಡುವ ಮೊದಲೇ ಯಾವ ಅಡುಗೆಮನೆಯಲ್ಲಿ ಕೆಲಸ ಖಾಲಿ ಇದೆ ಎಂದು ಊರಿಗೆ ಗೊತ್ತಾಗಿರುತ್ತದೆ. ಆ ಸುದ್ದಿ ಹೋಗುವುದು ಫೋನಿನಲ್ಲಿ. ಕಳಿಸುವವರು ಬಹಳ ಸಲ ಮಾಲೀಕರೇ: ‘ನಿನ್ನ ತಮ್ಮ ಇದ್ದರೆ ಕರೆಸು.’

ಎಲ್ಲರೂ ಕೂಲಿಗಾಗಿಯೇ ಬರುತ್ತಾರೆ ಎಂದೂ ಅಲ್ಲ. ಎಲ್ ಸಾಲ್ವಡೋರ್‌ನಲ್ಲಿ 1980ರಿಂದ 1992ರವರೆಗೆ, ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ಒಳಯುದ್ಧ ನಡೆಯಿತು. ಆಮೇಲೆ ಬಂದದ್ದು ಗ್ಯಾಂಗುಗಳ ಕಾಟ. ಅಂಗಡಿ ಇಟ್ಟವನು ವಾರವಾರ ಹಫ್ತಾ ಕೊಡಬೇಕು, ಕೊಡದಿದ್ದರೆ ಮಗನನ್ನು ಕಳೆದುಕೊಳ್ಳಬೇಕು. ಅವುಗಳಲ್ಲಿ ಎಂಎಸ್-13 ಎಂಬ ಗ್ಯಾಂಗ್ ಹುಟ್ಟಿದ್ದು ಲಾಸ್ ಏಂಜಲಿಸ್‌ನಲ್ಲಿ. ಗಡೀಪಾರಾದವರ ಜೊತೆ ಅದು ಮಧ್ಯ ಅಮೆರಿಕಕ್ಕೆ ಹೋಯಿತು. ವೆನೆಜುವೆಲಾದಿಂದ 70 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟಿದ್ದಾರೆ. ಬಹುಪಾಲು ಹೋದದ್ದು ಕೊಲಂಬಿಯಾ, ಪೆರುವಿನಂಥ ಅಕ್ಕಪಕ್ಕದ ದೇಶಗಳಿಗೆ. ಅಮೆರಿಕಕ್ಕೆ ಬಂದವರು ಅದರಲ್ಲಿ ಒಂದು ಪಾಲು ಮಾತ್ರ.

ನಮ್ಮವರೂ ಇದರಲ್ಲಿದ್ದಾರೆ, ಮರೆಯುವುದು ಬೇಡ. 2022ರ ಅಕ್ಟೋಬರ್‌ನಿಂದ 2023ರ ಸೆಪ್ಟೆಂಬರ್‌ವರೆಗಿನ ಒಂದೇ ವರ್ಷದಲ್ಲಿ ಕಾಗದವಿಲ್ಲದೆ ಅಮೆರಿಕಕ್ಕೆ ಬರುವಾಗ ಅಧಿಕಾರಿಗಳ ಕೈಗೆ ಸಿಕ್ಕ ಭಾರತೀಯರು 96,917. 2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ ಅಮೃತಸರದಲ್ಲಿ 104 ಜನರನ್ನು ಇಳಿಸಿತು. ಅವರಲ್ಲಿ ಎಷ್ಟೋ ಜನ ಹೊಲ ಮಾರಿ, ಲಕ್ಷಗಟ್ಟಲೆ ಸಾಲ ಮಾಡಿ ‘ಡಂಕಿ’ ಎಂಬ ಕಳ್ಳದಾರಿ ಹಿಡಿದವರು. ವೀಸಾದಲ್ಲಿ ವಿಮಾನ ಹತ್ತಿ ಬಂದು, ಗಡುವು ಮುಗಿದರೂ ಉಳಿದವರ ಸಂಖ್ಯೆಯೂ ದೊಡ್ಡದು. ಟಿವಿಯಲ್ಲಿ ಕಾಣುವುದು ಗೋಡೆ ಹತ್ತುವವರು ಮಾತ್ರ. ವಿಮಾನದಲ್ಲಿ ಬಂದವರು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನೊಂದು ವಿಷಯ ನಿಮಗೆ ಉಲ್ಟಾ ಅನ್ನಿಸಬಹುದು. ಗಡಿ ಬಿಗಿಯಾದಷ್ಟೂ ಇಲ್ಲಿ ಉಳಿದವರ ಸಂಖ್ಯೆ ಏರಿತು. 1980ರ ದಶಕದವರೆಗೂ ಮೆಕ್ಸಿಕೊದ ಗಂಡಸರು ಹಂಗಾಮಿಗೆ ಬರುತ್ತಿದ್ದರು, ದುಡಿದು ವಾಪಸ್ ಹೋಗುತ್ತಿದ್ದರು, ಮುಂದಿನ ವರ್ಷ ಮತ್ತೆ ಬರುತ್ತಿದ್ದರು. 1993ರಲ್ಲಿ ಎಲ್ ಪಾಸೊದಲ್ಲಿ, 1994ರಲ್ಲಿ ಸ್ಯಾನ್ ಡಿಯಾಗೊದಲ್ಲಿ ಕಾವಲು ಬಿಗಿ ಮಾಡಿದರು. ದಾರಿ ಅರಿಜೋನಾದ ಮರುಭೂಮಿಗೆ ಹೊರಳಿತು. ಬಿಸಿಲಿಗೆ, ನೀರಡಿಕೆಗೆ ಸಾಯುವವರು ಹೆಚ್ಚಾದರು. ದಲ್ಲಾಳಿಯ ದರ ಏರಿತು. ಅಷ್ಟು ಕಷ್ಟಪಟ್ಟು ದಾಟಿದವನು ಹಬ್ಬಕ್ಕೆ ಊರಿಗೆ ಹೋಗಿ ಮತ್ತೆ ಅದೇ ಮರುಭೂಮಿ ತುಳಿಯುತ್ತಾನಾ? ಇಲ್ಲೇ ಉಳಿದ. ಹೆಂಡತಿ, ಮಕ್ಕಳನ್ನೂ ಕರೆಸಿಕೊಂಡ. ಪ್ರಿನ್ಸ್‌ಟನ್‌ನ ಸಮಾಜಶಾಸ್ತ್ರಜ್ಞ ಡಗ್ಲಾಸ್ ಮ್ಯಾಸಿ ದಶಕಗಳ ಕಾಲ ಮೆಕ್ಸಿಕೊದ ಊರೂರು ಸಮೀಕ್ಷೆ ಮಾಡಿ ತೋರಿಸಿದ್ದು ಇದನ್ನೇ. ಪ್ಯೂ ಸಂಶೋಧನಾ ಕೇಂದ್ರದ ಅಂದಾಜಿನಲ್ಲಿ ದಾಖಲೆ ಇಲ್ಲದವರು 1990ರಲ್ಲಿ 35 ಲಕ್ಷ, 2007ರಲ್ಲಿ 1.22 ಕೋಟಿ, 2023ರಲ್ಲಿ 1.4 ಕೋಟಿ.

ಮದುವೆಯಾಗಿ ಸರಿ ಮಾಡಿಕೊಳ್ಳಬಹುದಲ್ಲ ಎಂದು ಕೆಲವರು ಕೇಳುತ್ತಾರೆ. ಗಡಿ ದಾಟಿ ಬಂದವರು ಅಮೆರಿಕದ ಪ್ರಜೆಯನ್ನು ಮದುವೆಯಾದರೂ ಸಾಮಾನ್ಯವಾಗಿ ಹೊರಗೆ ಹೋಗಿ ವೀಸಾ ತರಬೇಕು. 1996ರ ಕಾನೂನು ಏನು ಹೇಳುತ್ತದೆ ಗೊತ್ತಾ? ಕಾಗದವಿಲ್ಲದೆ ಒಂದು ವರ್ಷ ಇದ್ದು ಹೊರಗೆ ಕಾಲಿಟ್ಟರೆ 10 ವರ್ಷ ವಾಪಸ್ ಬರುವಂತಿಲ್ಲ. ವಿನಾಯಿತಿ ಕೇಳಬಹುದು, ಸಿಗುತ್ತದೆಂಬ ಖಾತ್ರಿ ಇಲ್ಲ. ಮನೆಯಲ್ಲಿ ಸಣ್ಣ ಮಗು ಇರುವ ಯಾರು ಆ ಜೂಜಾಡುತ್ತಾರೆ?

ಇನ್ನು ಮಾಲೀಕರ ವಿಷಯ. ನೀವು ಅವರನ್ನು ಜೈಲಿಗೆ ಹಾಕಿ ಎಂದಿದ್ದೀರಿ. ಅಮೆರಿಕದ ಕಾನೂನು ಈ ವಿಷಯದಲ್ಲಿ ಮಾಡಿದಷ್ಟು ಜಾಣಗುರುಡು ನಾನು ಬೇರೆಲ್ಲೂ ಕಂಡಿಲ್ಲ. 1952ರಲ್ಲಿ ಅಕ್ರಮವಾಗಿ ಬಂದವರನ್ನು ಬಚ್ಚಿಡುವುದು ಅಪರಾಧ ಎಂದು ಬರೆದರು. ಬೆನ್ನಿಗೇ, ಕೆಲಸ ಕೊಡುವುದನ್ನು ‘ಬಚ್ಚಿಡುವುದು’ ಎಂದು ಎಣಿಸಬಾರದು ಎಂಬ ಸಾಲು ಸೇರಿಸಿದರು. ಟೆಕ್ಸಾಸ್‌ನ ದೊಡ್ಡ ರೈತರ ಒತ್ತಡಕ್ಕೆ ಬಂದ ಸಾಲು ಅದು, ಹಾಗಾಗಿ ಅದನ್ನು ಇವತ್ತಿಗೂ ‘ಟೆಕ್ಸಾಸ್ ಪ್ರೊವೈಸೊ’ ಎಂದೇ ಕರೆಯುತ್ತಾರೆ. 34 ವರ್ಷ ಅದೇ ನಡೆಯಿತು. ಬಂದವನು ಅಪರಾಧಿ, ಕರೆದವನಿಗೆ ಏನೂ ಇಲ್ಲ.

1986ರ ನವೆಂಬರ್ 6ರಂದು ಅಧ್ಯಕ್ಷ ರೇಗನ್ ಸಹಿ ಹಾಕಿದ ಕಾನೂನು ಇದನ್ನು ಬದಲಿಸಿತು. ಸುಮಾರು 27 ಲಕ್ಷ ಜನರಿಗೆ ಕಾಗದ ಸಿಕ್ಕಿತು, ಮಾಲೀಕರಿಗೆ ಮೊದಲ ಬಾರಿ ದಂಡ ಬಂತು, ಕೆಲಸದ ಅನುಮತಿಯ ದಾಖಲೆ ನೋಡಿದ್ದೇನೆ ಎಂದು ಮಾಲೀಕ ತುಂಬಬೇಕಾದ ಐ-9 ಫಾರ್ಮ್ ಹುಟ್ಟಿತು. ಆದರೆ ದಂಡ ಬೀಳಬೇಕಾದರೆ ಮಾಲೀಕ ‘ಗೊತ್ತಿದ್ದೂ’ ಕೆಲಸ ಕೊಟ್ಟಿರಬೇಕು. ತೋರಿಸಿದ ದಾಖಲೆ ನೋಡಲು ನಿಜವಾದದ್ದು ಅನ್ನಿಸಿದರೆ ಅವನು ಒಪ್ಪಿಕೊಳ್ಳಲೇಬೇಕು, ಜಾಸ್ತಿ ಕೆದಕಿದರೆ ತಾರತಮ್ಯದ ಕೇಸು. ನಕಲಿ ಕಾರ್ಡ್ ಮಾಡುವವರಿಗೆ ಸುಗ್ಗಿಯೋ ಸುಗ್ಗಿ. ದೊಡ್ಡ ಕಂಪನಿಗಳು ಇನ್ನೊಂದು ಉಪಾಯ ಕಂಡುಕೊಂಡವು: ನೇರವಾಗಿ ಕೆಲಸಕ್ಕೆ ಇಟ್ಟುಕೊಳ್ಳುವುದೇ ಬೇಡ, ಗುತ್ತಿಗೆದಾರನ ಮೂಲಕ ತರಿಸಿಕೊಳ್ಳೋಣ. ಗೊತ್ತಿರಬೇಕಾದವನು ಗುತ್ತಿಗೆದಾರ, ನಮಗೇನು ಗೊತ್ತು? 2018ರ ಏಪ್ರಿಲ್‌ನಿಂದ ಒಂದು ವರ್ಷದಲ್ಲಿ ಇಡೀ ದೇಶದಲ್ಲಿ, ಗೊತ್ತಿದ್ದೂ ಕೆಲಸ ಕೊಟ್ಟ ಆರೋಪದ ಮೇಲೆ ಫೆಡರಲ್ ಸರ್ಕಾರ ಕೇಸು ಹಾಕಿದ್ದು 11 ಜನರ ಮೇಲೆ. ಕಂಪನಿ ಒಂದೂ ಇಲ್ಲ.

ಹಾಗಾದರೆ ಕೇಸು ಜಾಸ್ತಿ ಹಾಕಿದರೆ ಆಯಿತು ಎನ್ನುತ್ತೀರಾ? ಅರ್ಧ ಒಪ್ಪುತ್ತೇನೆ. ಆದರೆ ಯಾವ ತಪ್ಪಿಗೆ ಅನ್ನೋದು ಮುಖ್ಯ. ಇಲ್ಲಿ ನನ್ನ ಅನುಭವ ಸ್ವಲ್ಪ ಹೇಳಬೇಕು. ಕೂಲಿ ಬಾಕಿಯ ದೂರುಗಳನ್ನು ಬರೆದುಕೊಡುವ ಕೆಲಸ ನಾನು ಹಲವು ವರ್ಷ ಮಾಡಿದ್ದೇನೆ. ಒಮ್ಮೆ ಮನೆಗಳಿಗೆ ಛಾವಣಿ ಹೊದಿಸುವ ನಾಲ್ವರು ಬಂದಿದ್ದರು. ಮೂರು ವಾರದ ಕೂಲಿ ಬಾಕಿ. ಗುತ್ತಿಗೆದಾರ ಕೊಡುವುದಿಲ್ಲ ಎಂದಿರಲಿಲ್ಲ. ‘ಕೇಳು, ಯಾರನ್ನು ಬೇಕಾದರೂ ಕೇಳು. ನಾನೂ ಒಂದು ಫೋನ್ ಮಾಡ್ತೀನಿ’ ಅಂದಿದ್ದ, ಅಷ್ಟೇ. ನಾಲ್ವರಲ್ಲಿ ಮೂವರು ದೂರು ಬರೆಸದೆ ಎದ್ದು ಹೋದರು. ನಾಲ್ಕನೆಯವನು ಬರೆಸಿದ, ಮರುದಿನ ಬಂದು ಹರಿದುಹಾಕಿ ಎಂದ.

ಕಾನೂನು ಅವರ ಪರವಾಗಿಯೇ ಇತ್ತು, ಅದು ಗೊತ್ತಿರಲಿ. ಫೆಡರಲ್ ಕನಿಷ್ಠ ಕೂಲಿ ಗಂಟೆಗೆ 7.25 ಡಾಲರ್, 2009ರಿಂದ ಒಂದು ಸೆಂಟೂ ಏರಿಲ್ಲ. ಅದು, ಅದರ ಜೊತೆ ಓವರ್‌ಟೈಮ್, ಕಾಗದ ಇಲ್ಲದವರಿಗೂ ಸಲ್ಲುತ್ತದೆ. ಮಾಡಿದ ಕೆಲಸಕ್ಕೆ ಕೂಲಿ ಕೊಡಲೇಬೇಕು. ಆದರೆ 2002ರಲ್ಲಿ ಸುಪ್ರೀಂ ಕೋರ್ಟ್ ಹಾಫ್‌ಮನ್ ಪ್ಲಾಸ್ಟಿಕ್ ಕೇಸಿನಲ್ಲಿ 5-4 ಮತದಿಂದ ಒಂದು ತೀರ್ಪು ಕೊಟ್ಟಿತು. ಸಂಘ ಕಟ್ಟಿದ್ದಕ್ಕೆ ಕೆಲಸದಿಂದ ತೆಗೆದರೆ, ಕಾಗದ ಇಲ್ಲದವನಿಗೆ ಆ ಖಾಲಿ ದಿನಗಳ ಸಂಬಳ ಸಿಗುವುದಿಲ್ಲ. ಮಾಲೀಕನ ತಪ್ಪು ಸಾಬೀತಾದರೂ ಅವನ ಜೇಬಿನಿಂದ ಹಣ ಹೋಗುವುದಿಲ್ಲ. ಇಂಥ ಕಾನೂನಿನ ಕೆಳಗೆ ಕೆಟ್ಟ ಮಾಲೀಕನಿಗೆ ಯಾರು ಲಾಭ? ಕಾಗದ ಇರುವವನಾ, ಇಲ್ಲದವನಾ? ಇಲ್ಲದವನು ಅಗ್ಗವಾಗುವುದು ಅವನು ಕಡಿಮೆ ಕೇಳುತ್ತಾನೆ ಅಂತ ಅಲ್ಲ, ಕೇಳಲು ಹೆದರುತ್ತಾನೆ ಅಂತ. ಆ ಹೆದರಿಕೆಯೇ ಮಾಲೀಕನ ಲಾಭ. ಪಕ್ಕದಲ್ಲಿ ಕೆಲಸ ಮಾಡುವ ಅಮೆರಿಕದ ಪ್ರಜೆಯ ಕೂಲಿಯನ್ನು ಕೆಳಗೆ ಎಳೆಯುವುದೂ ಅದೇ. ನಾನು ಹೇಳಬೇಕಿರುವುದು ಮುಖ್ಯವಾಗಿ ಇದೊಂದೇ. ಮುಂದೆ ಹೇಳುವುದೆಲ್ಲ ಇದಕ್ಕೇ ಬಂದು ಕೂಡುತ್ತದೆ.

ದಾಳಿ ಮಾಡಿ ಕಾರ್ಮಿಕರನ್ನು ಹಿಡಿದರೆ ಆ ಹೆದರಿಕೆ ಇನ್ನೂ ಬೆಳೆಯುತ್ತದೆ. ಅಯೋವಾ ರಾಜ್ಯದ ಪೋಸ್ಟ್‌ವಿಲ್ ಎಂಬ ಪುಟ್ಟ ಊರು ನೋಡಿ. ಜನಸಂಖ್ಯೆ ಸುಮಾರು 2,300. 2008ರ ಮೇ 12ರಂದು ಅಲ್ಲಿನ ಮಾಂಸದ ಕಾರ್ಖಾನೆಯ ಮೇಲೆ ದಾಳಿ ಮಾಡಿ 389 ಜನರನ್ನು ಹಿಡಿದರು. ಹೆಚ್ಚಿನವರು ಗ್ವಾಟೆಮಾಲಾದವರು. ದನಗಳ ಜಾತ್ರೆ ನಡೆಯುವ ಮೈದಾನದಲ್ಲಿ ಕೂಡಿಹಾಕಿ, ಕೆಲವೇ ದಿನಗಳಲ್ಲಿ ಸುಮಾರು 300 ಜನರಿಗೆ ಶಿಕ್ಷೆ ಕೊಟ್ಟರು, ಬಹಳ ಜನಕ್ಕೆ ಐದು ತಿಂಗಳ ಜೈಲು. ಆ ಕಾರ್ಖಾನೆಯಲ್ಲಿ ಹದಿಹರೆಯದ ಮಕ್ಕಳು ಕೆಲಸ ಮಾಡುತ್ತಿದ್ದರು, ಕೂಲಿಯ ಗೋಲ್‌ಮಾಲ್ ನಡೆಯುತ್ತಿತ್ತು ಎಂಬ ದೂರುಗಳಿದ್ದವು. ಅದಕ್ಕೆ ಸಾಕ್ಷಿ ಹೇಳಬೇಕಾದವರೇ ಗಡೀಪಾರಾದರು. ಆಮೇಲೆ ಆ ಕೆಲಸಗಳಿಗೆ ಊರಿನ ಜನ ಬಂದರಾ? ಟೆಕ್ಸಾಸ್‌ನ ಮನೆಯಿಲ್ಲದವರ ಆಶ್ರಯತಾಣಗಳಿಂದ, ಮಿನೆಸೋಟದ ಸೊಮಾಲಿಗಳಿಂದ, ಕೊನೆಗೆ ಪೆಸಿಫಿಕ್ ಸಮುದ್ರದ ಪಲಾವು ದ್ವೀಪದಿಂದ ಜನ ತರಿಸಿದರು! ಪಲಾವು ಪ್ರಜೆಗಳಿಗೆ ಅಮೆರಿಕದಲ್ಲಿ ವೀಸಾ ಇಲ್ಲದೆ ಕೆಲಸ ಮಾಡುವ ಹಕ್ಕಿದೆ. ಅಷ್ಟು ದೂರ ಹುಡುಕಿದರು, ಆದರೆ ಕೂಲಿ ಏರಿಸಿ ಪಕ್ಕದ ಊರಿನವರನ್ನು ಕರೆಯುವ ಯೋಚನೆ ಬರಲಿಲ್ಲ.

‘ಇವರನ್ನು ಕಳಿಸಿದರೆ ನಮ್ಮವರ ಕೂಲಿ ಏರುತ್ತದೆ’ ಎಂಬ ವಾದಕ್ಕೂ ಒಂದು ದೊಡ್ಡ ಪರೀಕ್ಷೆ ಆಗಿದೆ. ಬ್ರಾಸೆರೊ ನಿಲ್ಲಿಸಿದ್ದೇ ಆ ನಂಬಿಕೆಯಲ್ಲಿ. ಮೈಕಲ್ ಕ್ಲೆಮೆನ್ಸ್ ಮತ್ತು ಇಬ್ಬರು ಅರ್ಥಶಾಸ್ತ್ರಜ್ಞರು ಹಳೆಯ ದಾಖಲೆ ಕೆದಕಿ 2018ರಲ್ಲಿ ತೋರಿಸಿದರು: ಬ್ರಾಸೆರೊಗಳು ಹೆಚ್ಚಿದ್ದ ರಾಜ್ಯಗಳಲ್ಲೂ ಇಲ್ಲದ ರಾಜ್ಯಗಳಲ್ಲೂ ಹೊಲದ ಕೂಲಿ ಒಂದೇ ರೀತಿ ಸಾಗಿತು. ರೈತರು ಯಂತ್ರ ತಂದರು, ಯಂತ್ರಕ್ಕೆ ಒಗ್ಗದ ಬೆಳೆ ಕಡಿಮೆ ಮಾಡಿದರು. ಕ್ಯಾಲಿಫೋರ್ನಿಯಾದಲ್ಲಿ ಸಾಸ್‌ಗೆ ಹೋಗುವ ಟೊಮೆಟೊ ಪೂರ್ತಿ ಯಂತ್ರದ ಕೈಗೆ ಹೋದದ್ದು ಆಗಲೇ. ಯಂತ್ರದ ಪೆಟ್ಟು ತಡೆಯಲೆಂದು ಗಟ್ಟಿ ಸಿಪ್ಪೆಯ ತಳಿಯನ್ನೇ ಡೇವಿಸ್‌ನ ವಿಶ್ವವಿದ್ಯಾಲಯ ಬೆಳೆಸಿತ್ತು. 2011ರಲ್ಲಿ ಜಾರ್ಜಿಯಾ ರಾಜ್ಯ ಕಠಿಣ ಕಾನೂನು ಮಾಡಿ, ಕೂಲಿಗಳು ಓಡಿಹೋದಾಗ, ಸೌತೆ ಹೊಲಗಳಿಗೆ ನ್ಯಾಯಾಲಯದ ನಿಗಾದಲ್ಲಿದ್ದ ಅಪರಾಧಿಗಳನ್ನು ಕಳಿಸಿ ನೋಡಿತು. ಬಹಳ ಜನ ಮಧ್ಯಾಹ್ನದೊಳಗೇ ಬಿಟ್ಟು ಹೋದರು.

ಹಾಗೆಂದು ಯಾರಿಗೂ ಪೆಟ್ಟಿಲ್ಲ ಎಂದು ನಾನು ಹೇಳುವುದಿಲ್ಲ. ಅಮೆರಿಕದ ರಾಷ್ಟ್ರೀಯ ಅಕಾಡೆಮಿಗಳ 2016ರ ವರದಿ ಒಟ್ಟು ಪರಿಣಾಮ ಸಣ್ಣದು ಎಂದರೂ, ಹೈಸ್ಕೂಲ್ ಮುಗಿಸದವರ ಮೇಲೆ, ಮೊದಲೇ ಬಂದ ವಲಸಿಗರ ಮೇಲೆ ಪೆಟ್ಟು ಬೀಳುವ ಸಾಧ್ಯತೆ ಇದೆ ಎಂದಿದೆ. ಆ ಪೆಟ್ಟು ತಿನ್ನುವವನಿಗೆ ‘ಸರಾಸರಿಯಲ್ಲಿ ಏನೂ ಆಗಿಲ್ಲ’ ಎನ್ನುವುದು ಉತ್ತರವಲ್ಲ.

ಸರ್ಕಾರ ಏನು ಮಾಡಬೇಕು? ನನ್ನ ಕೈಗೆ ಪೆನ್ನು ಕೊಟ್ಟರೆ ಮೊದಲು ಕೂಲಿ ತಪಾಸಣೆಗೆ ಹಣ ಹಾಕುತ್ತೇನೆ. ಗಡಿ ಕಾವಲಿಗೆ ಸುಮಾರು 20,000 ಸಿಬ್ಬಂದಿ ಇದ್ದಾರೆ. ಫೆಡರಲ್ ಕೂಲಿ ವಿಭಾಗದ ತನಿಖಾಧಿಕಾರಿಗಳು 1,000ಕ್ಕೂ ಕಡಿಮೆ, ಅದೂ 16 ಕೋಟಿಗೂ ಹೆಚ್ಚು ದುಡಿಯುವವರ ದೇಶಕ್ಕೆ. ಕಾಗದ ಇರಲಿ ಇಲ್ಲದಿರಲಿ, ಕೂಲಿ ಕದ್ದರೆ ಅದರ ಎರಡು ಪಟ್ಟು ಕಟ್ಟಬೇಕು, ದೂರು ಕೊಟ್ಟವನನ್ನು ಕೇಸು ಮುಗಿಯುವವರೆಗೆ ಗಡೀಪಾರು ಮಾಡುವಂತಿಲ್ಲ, ಗುತ್ತಿಗೆದಾರ ಕೈ ಎತ್ತಿದರೆ ಮೇಲಿನ ಕಂಪನಿ ಕೊಡಬೇಕು. ಈ ಮೂರೂ ಗಟ್ಟಿಯಾಗಿ ಜಾರಿಯಾದರೆ ಹೆದರಿಕೆಯ ವ್ಯಾಪಾರಕ್ಕೆ ಲಾಭವೇ ಉಳಿಯುವುದಿಲ್ಲ. ಕಾಗದ ಇಲ್ಲದವನನ್ನೇ ಹುಡುಕಿ ತರುವ ಆಸೆಯೂ ತಾನಾಗಿ ಕಡಿಮೆಯಾಗುತ್ತದೆ. ನಿಮ್ಮ ನ್ಯೂಜೆರ್ಸಿಯೇ 2024ರಲ್ಲಿ ಒಂದು ಹೆಜ್ಜೆ ಇಟ್ಟಿದೆ. ಕೂಲಿಯ ಮೋಸ ಮುಚ್ಚಿಕೊಳ್ಳಲು ‘ನಿನ್ನ ವಲಸೆಯ ವಿಷಯ ಹೇಳಿಬಿಡ್ತೀನಿ’ ಎಂದು ಬೆದರಿಸಿದ ಮಾಲೀಕನಿಗೆ ಬೇರೆಯೇ ದಂಡ, 10,000 ಡಾಲರ್‌ವರೆಗೆ.

ಎರಡನೆಯದು ಬಾಗಿಲು. ಎಚ್-2ಎ ವೀಸಾವನ್ನು ಹಿಗ್ಗಿಸಿದರೆ ಸಾಕು ಎನ್ನುವವರಿದ್ದಾರೆ. ಅದು ಈಗಾಗಲೇ ಹಿಗ್ಗಿ ವರ್ಷಕ್ಕೆ 3 ಲಕ್ಷ ಕೆಲಸಗಳನ್ನು ದಾಟಿದೆ. ಆದರೆ ಆ ವೀಸಾ ಒಬ್ಬ ಮಾಲೀಕನಿಗೆ ಕಟ್ಟಿಹಾಕಿದ ಹಗ್ಗ. ಬಿಟ್ಟ ಮೇಲೆ ವೀಸಾಕ್ಕೆ ಅರ್ಜಿ ಹಾಕುವ ಇನ್ನೊಬ್ಬ ಮಾಲೀಕ ಬೇಗ ಸಿಗದಿದ್ದರೆ ವೀಸಾ ಹೋಯಿತು. ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2021ರಲ್ಲಿ ಜಾರ್ಜಿಯಾದಲ್ಲಿ ಫೆಡರಲ್ ಸರ್ಕಾರ ಹಾಕಿದ ಒಂದು ದೊಡ್ಡ ಕೇಸಿನ ಆರೋಪಪಟ್ಟಿ ಹೇಳುವಂತೆ, ಇದೇ ವೀಸಾದಲ್ಲಿ ಬಂದವರಿಂದ ಬಂದೂಕು ತೋರಿಸಿ ಬರಿಗೈಯಲ್ಲಿ ಈರುಳ್ಳಿ ಕೀಳಿಸುತ್ತಿದ್ದರು, ಬಕೆಟ್ಟಿಗೆ 20 ಸೆಂಟ್ ಕೂಲಿ. ಕೈಯಲ್ಲಿ ಕಾಗದ ಇದ್ದರೂ ಮಾಲೀಕನನ್ನು ಬಿಟ್ಟು ಹೋಗುವ ಸ್ವಾತಂತ್ರ್ಯ ಇಲ್ಲದಿದ್ದರೆ ಹೆದರಿಕೆ ಹಾಗೇ ಉಳಿಯುತ್ತದೆ. ಹಾಗಾಗಿ ವೀಸಾ ಕೆಲಸಗಾರನ ಹೆಸರಿನಲ್ಲಿರಲಿ, ಅದೇ ಕಸುಬಿನ ಯಾವ ಮಾಲೀಕನ ಹತ್ತಿರ ಬೇಕಾದರೂ ಹೋಗಲಿ. ವರ್ಷಪೂರ್ತಿ ಇರುವ ಕೆಲಸಕ್ಕೂ ಸಿಗಲಿ.

ಮೂರನೆಯದು, ಈಗಾಗಲೇ ಇಲ್ಲಿ ಬೇರು ಬಿಟ್ಟವರು. ‘ಕಾನೂನು ಮುರಿದವರಿಗೆ ಬಹುಮಾನವಾ?’ ಎಂದು ನೀವು ಕೇಳಬಹುದು. ಹೊಸದೇನೂ ಕಟ್ಟಬೇಕಿಲ್ಲ, ಹಳೆಯ ಕಾನೂನಿನಲ್ಲೇ ಇದಕ್ಕೆ ಒಂದು ದಾರಿ ಇದೆ. 1929ರಿಂದಲೂ ‘ರಿಜಿಸ್ಟ್ರಿ’ ಎಂಬ ಏರ್ಪಾಡಿದೆ. ಇಂಥ ದಿನಾಂಕಕ್ಕಿಂತ ಮೊದಲು ಬಂದು, ಒಳ್ಳೆಯ ನಡತೆಯಿಂದ ಇದ್ದವರು ಗ್ರೀನ್ ಕಾರ್ಡ್ ಕೇಳಬಹುದು. ಆ ದಿನಾಂಕವನ್ನು ಸಂಸತ್ತು ಆಗಾಗ ಮುಂದೆ ತಳ್ಳುತ್ತಿತ್ತು. ಕೊನೆಯ ಸಲ ತಳ್ಳಿದ್ದು 1986ರಲ್ಲಿ, 1972ರ ಜನವರಿ 1ಕ್ಕೆ. ಅಲ್ಲಿಗೇ ನಿಂತಿದೆ. ಒಂದು ತಾರೀಖು ಬದಲಿಸಿದರೆ ಎಷ್ಟೋ ಲಕ್ಷ ಜನ ಬೆಳಕಿಗೆ ಬರುತ್ತಾರೆ. ತೆರಿಗೆಯನ್ನಂತೂ ಅವರು ಈಗಲೂ ಕಟ್ಟುತ್ತಿದ್ದಾರೆ. 2022ರಲ್ಲಿ ಅವರು ಕಟ್ಟಿದ್ದು ಸುಮಾರು 9,670 ಕೋಟಿ ಡಾಲರ್ ಎಂದು ತೆರಿಗೆ ನೀತಿಯ ಅಧ್ಯಯನ ಮಾಡುವ ಐಟಿಇಪಿ ಸಂಸ್ಥೆಯ ಅಂದಾಜು. ಸೋಶಿಯಲ್ ಸೆಕ್ಯೂರಿಟಿಗೆ, ಅಂದರೆ ಸರ್ಕಾರಿ ಪಿಂಚಣಿಗೆ, ಕಟ್ಟಿದ ಪಾಲು ಅವರಿಗೆ ವಾಪಸ್ ಸಿಗುವುದೂ ಇಲ್ಲ.

ಕೆಲಸಗಾರನಿಗೆ ಅನುಮತಿ ಇದೆಯೇ ಎಂದು ಮಾಲೀಕ ಆನ್‌ಲೈನ್‌ನಲ್ಲಿ ತಾಳೆ ನೋಡುವ ಸರ್ಕಾರಿ ವ್ಯವಸ್ಥೆ ಇ-ವೆರಿಫೈ ಎಲ್ಲರಿಗೂ ಕಡ್ಡಾಯವಾಗಲಿ ಎಂಬ ಬೇಡಿಕೆ ಇದೆಲ್ಲ ಆದ ಮೇಲಿನ ಮಾತು. ಬಾಗಿಲು ತೆರೆಯದೆ ಅದನ್ನು ಮಾತ್ರ ತಂದರೆ ಜನ ಇನ್ನೂ ಕತ್ತಲಿಗೆ ಹೋಗುತ್ತಾರೆ, ನಗದಿನಲ್ಲಿ ಕೂಲಿ, ಲೆಕ್ಕವೇ ಇಲ್ಲ. ಅದೂ ಅಲ್ಲದೆ ಅದು ಇನ್ನೊಬ್ಬರ ನಿಜವಾದ ನಂಬರ್ ತಂದವನನ್ನು ಹಿಡಿಯುವುದು ಕಷ್ಟ. 2009ರ ಒಂದು ಸರ್ಕಾರಿ ಮೌಲ್ಯಮಾಪನದಲ್ಲಿ ಅನುಮತಿ ಇಲ್ಲದವರಲ್ಲಿ ಅರ್ಧಕ್ಕೂ ಹೆಚ್ಚು ಜನ ಅದರಲ್ಲಿ ಪಾಸಾಗಿದ್ದರು.

ಮಾಲೀಕರೆಲ್ಲ ಕೆಟ್ಟವರು ಎಂದು ನಾನು ಅಂದುಕೊಂಡಿಲ್ಲ. ಫ್ಲಾರಿಡಾದ ಇಮೊಕಲಿ ಎಂಬ ಊರಿನ ಟೊಮೆಟೊ ಕೂಲಿಗಳು ಕಟ್ಟಿದ ‘ಫೇರ್ ಫುಡ್’ ಯೋಜನೆ 2011ರಿಂದ ನಡೆಯುತ್ತಿದೆ. ದೊಡ್ಡ ಹೋಟೆಲ್, ಅಂಗಡಿ ಸರಣಿಗಳು ಪೌಂಡಿಗೆ ಒಂದು ಸೆಂಟಿನಷ್ಟು ಜಾಸ್ತಿ ಕೊಡುತ್ತವೆ, ಅದು ಕೂಲಿಗೆ ಸೇರುತ್ತದೆ. ಹೊಲದಲ್ಲಿ ನೆರಳು, ನೀರು, ದೂರು ಹೇಳಲು ಫೋನ್ ಇರಬೇಕು. ನಿಯಮ ಮುರಿದ ತೋಟದಿಂದ ಆ ಕಂಪನಿಗಳು ಟೊಮೆಟೊ ಕೊಳ್ಳುವುದಿಲ್ಲ. ಅಲ್ಲಿ ಯಾರೂ ಯಾರ ಕಾಗದವನ್ನೂ ಕೇಳಲಿಲ್ಲ, ತೋಟಗಳು ಮಾತ್ರ ಬದಲಾದವು.

ಈಗ ನಿಮ್ಮ ಭಾವ. ನಂಬರ್ ತಾಳೆಯಾಗಿಲ್ಲ ಅಂದ ತಕ್ಷಣ ಆ ಮನುಷ್ಯನನ್ನು ತೆಗೆಯಬೇಡಿ ಎಂದು ಹೇಳಿ. ತಾಳೆಯಾಗದಿರಲು ನೂರು ಕಾರಣ. ಸ್ಪ್ಯಾನಿಷ್ ಮಾತಾಡುವವರಿಗೆ ಎರಡು ಮನೆತನದ ಹೆಸರು ಇರುತ್ತವೆ, ಒಂದು ಬಿಟ್ಟುಹೋದರೂ ತಪ್ಪು ತೋರಿಸುತ್ತದೆ. ಒಂದು ಅಂಕಿ ಆಚೀಚೆ ಆಗಿರಬಹುದು. ಅದೊಂದೇ ಕಾರಣಕ್ಕೆ ಕ್ರಮ ತೆಗೆದುಕೊಳ್ಳಬಾರದು ಎಂದು ಸೋಶಿಯಲ್ ಸೆಕ್ಯೂರಿಟಿ ಇಲಾಖೆಯೇ ಹೇಳುತ್ತದೆ. ಮೊದಲು ತಮ್ಮ ಕಡತದಲ್ಲಿ ಬರೆದದ್ದು ಸರಿ ಇದೆಯೇ ನೋಡಲಿ. ಆಮೇಲೆ ಆ ವ್ಯಕ್ತಿಗೆ ಬರಹದಲ್ಲಿ ತಿಳಿಸಲಿ, ಇಲಾಖೆಗೆ ಹೋಗಿ ಸರಿಪಡಿಸಿಕೊಳ್ಳಲು ಸಾಕಷ್ಟು ಸಮಯ ಕೊಡಲಿ, ಕೊಟ್ಟದ್ದಕ್ಕೆ ದಾಖಲೆ ಇಟ್ಟುಕೊಳ್ಳಲಿ. ‘ಗ್ರೀನ್ ಕಾರ್ಡ್ ತೋರಿಸು’ ಎಂದು ಕೇಳಬಾರದು. ಯಾವ ದಾಖಲೆ ತೋರಿಸಬೇಕೆಂದು ಆರಿಸುವುದು ಕೆಲಸಗಾರನ ಹಕ್ಕು.

ಇದೇ ನೆಪದಲ್ಲಿ ಎಲ್ಲರ ಐ-9 ಒಮ್ಮೆ ನೋಡಿಕೊಳ್ಳಲಿ. ಕೆಲಸಕ್ಕೆ ಸೇರಿದ ಮೂರು ಕೆಲಸದ ದಿನಗಳೊಳಗೆ ಅದು ಪೂರ್ತಿಯಾಗಿರಬೇಕು. ಮೆಕ್ಸಿಕನ್ ಮುಖದವರಿಗೆ ಮಾತ್ರ ತುಂಬಿಸಿ, ಕರ್ನಾಟಕದಿಂದ ಬಂದ ಅಡುಗೆಯವರಿಗೆ ‘ನಮ್ಮ ಹುಡುಗರು’ ಎಂದು ಬಿಟ್ಟಿದ್ದರೆ (ಇದನ್ನು ನಾನು ನೋಡಿದ್ದೇನೆ) ಅದು ಎರಡೆರಡು ತಪ್ಪು. ಅಧಿಕಾರಿಗಳು ಐ-9 ಕೇಳಿ ನೋಟಿಸ್ ಕೊಟ್ಟರೆ ಒಪ್ಪಿಸಲು ಮೂರು ಕೆಲಸದ ದಿನ ಇರುತ್ತದೆ. ಅಡುಗೆಮನೆಯಂಥ ಒಳಭಾಗಕ್ಕೆ ನುಗ್ಗಬೇಕಾದರೆ ನ್ಯಾಯಾಧೀಶರ ಸಹಿ ಇರುವ ವಾರಂಟ್ ಬೇಕು. ಇಲಾಖೆಯೇ ಸಹಿ ಹಾಕಿಕೊಂಡ ಕಾಗದ ಅದಕ್ಕೆ ಸಾಲದು. ಒಬ್ಬ ವಕೀಲರ ನಂಬರ್ ಕ್ಯಾಶ್ ಕೌಂಟರಿನ ಹತ್ತಿರ ಇರಲಿ.

ಆ ಮನುಷ್ಯ ತಾನಾಗಿಯೇ ಬಂದು ‘ನನಗೆ ಕಾಗದ ಇಲ್ಲ’ ಎಂದರೆ? ಆಗ ‘ಗೊತ್ತಿದ್ದೂ’ ಅನ್ನುವ ಮಾತು ಭಾವನಿಗೆ ಅನ್ವಯಿಸುತ್ತದೆ. ಕೆಲಸದಲ್ಲಿ ಮುಂದುವರಿಸುವಂತಿಲ್ಲ. ಎಷ್ಟೇ ಒಳ್ಳೆಯ ಮನಸ್ಸಿದ್ದರೂ ಇಂದಿನ ಕಾನೂನಿನಲ್ಲಿ ಅದಕ್ಕೆ ಜಾಗ ಇಲ್ಲ, ನಾನು ಸುಳ್ಳು ಸಮಾಧಾನ ಹೇಳಲಾರೆ. ಆದರೆ ಲೆಕ್ಕ ಮಾತ್ರ ಪೂರ್ತಿ ತೀರಿಸಬೇಕು. ವಾರಕ್ಕೆ 40 ಗಂಟೆ ದಾಟಿದ ಪ್ರತಿ ಗಂಟೆಗೆ ಒಂದೂವರೆ ಪಟ್ಟು ಹಾಕಿ, ಹಿಂದಿನ ವಾರಗಳಲ್ಲಿ ಬಿಟ್ಟುಹೋದದ್ದೇನಾದರೂ ಇದ್ದರೆ ಅದನ್ನೂ ಸೇರಿಸಿ, ಸಂಬಳದ ಚೀಟಿ ಸಮೇತ ಕೊನೆಯ ಚೆಕ್ ಕೈಗೆ ಕೊಡಲಿ. ವಲಸೆ ವಕೀಲರೊಬ್ಬರನ್ನು ನೋಡಲು ಹೇಳಿ ಕಳಿಸಲಿ. ಎಷ್ಟೋ ಜನರಿಗೆ ತಮಗಿರುವ ದಾರಿ ತಮಗೇ ಗೊತ್ತಿರುವುದಿಲ್ಲ.